ಸಿಂಥಸೈಸರಿಗೆ ಎಲೆ ಹಾಕಿದ್ದು

ನಮ್ಮೂರಿಗೆ ಯಾರೇ ಬರಲಿ, ಮೊದಲು ಊಟ, ಆಮೇಲೆ ಮಾತು. ಆಹಾ, ಎಂಥ ಉಪಚಾರದ ಜನ ಅಂತ ಹೊಗಳಬೇಡಿ. ನಮಗೆ ಬೇರೆ ದಾರಿಯೇ ಇಲ್ಲ. ಹೊಳೆಯ ಸೇತುವೆ ದಾಟಿ ಈಚೆ ಬಂದವರ ಬಾಯಿಂದ ನಮ್ಮೂರಿನ ಅನ್ನ ಉಣ್ಣುವ ತನಕ ಸದ್ದೇ ಹೊರಡುವುದಿಲ್ಲ. ತುಟಿ ಆಡುತ್ತದೆ, ಕೈ ಆಡುತ್ತದೆ, ಅಷ್ಟೇ. ಹೆಣ್ಣು ನೋಡಲು ಬಂದ ಗಂಡಿನ ಕಡೆಯವರು ಜಗುಲಿಯ ಮೇಲೆ ಬೊಂಬೆಗಳ ಹಾಗೆ ಕೂತಿರುತ್ತಾರೆ. ಸಾರು ಅನ್ನಕ್ಕೆ ಬರುವಾಗ ಒಬ್ಬೊಬ್ಬರಿಗೇ ಗಂಟಲು ಬಿಡುತ್ತದೆ, ಮಜ್ಜಿಗೆ ಅನ್ನದ ಹೊತ್ತಿಗೆ ವರೋಪಚಾರದ ಜಗಳವೇ ಶುರುವಾಗಿರುತ್ತದೆ. ಮನುಷ್ಯರ ಕಥೆಯಷ್ಟೇ ಅಲ್ಲ ಇದು. ಬಸ್ಸು ಬಂದು ನಿಂತದ್ದು ಯಾರಿಗೂ ಕೇಳಿಸುವುದಿಲ್ಲವಾದ್ದರಿಂದ ಸ್ಟ್ಯಾಂಡಿನ ಹೋಟೆಲಿನವರೇ ಗಂಟೆ ಬಾರಿಸುತ್ತಾರೆ. ಹಿಟ್ಟಿನ ಗಿರಣಿ ಪಿಸುಗುಟ್ಟದೆ ಬೀಸುತ್ತದೆ. ನನ್ನ ತವರಿನವರು ಮದುವೆಗೆ ಕೊಟ್ಟ ರೇಡಿಯೋ ಒಂದು ದಿನವೂ ಬಾಯಿ ಬಿಡಲಿಲ್ಲ, ಈಗ ಅದರ ಮೇಲೆ ಹಪ್ಪಳದ ಡಬ್ಬಿ ಇಟ್ಟಿದ್ದೇನೆ.

ಹೌದು, ನಾನೂ ಹೊರಗಿನಿಂದ ಬಂದವಳೇ. ಬಂದ ಹೊಸದರಲ್ಲಿ ಯಾಕೆ ಹೀಗೆ ಅಂತ ಕೇಳಿದ್ದೆ. "ಹಾಗಾದ್ರೆ ನಿಮ್ಮೂರಲ್ಲಿ ಉಪವಾಸ ಇದ್ದೋರೂ ಮಾತಾಡ್ತಾರಾ?" ಅಂತ ಎಲ್ಲರೂ ನನ್ನನ್ನೇ ಮಿಕಮಿಕ ನೋಡಿದರು. ಆಮೇಲೆ ನಾನು ಕೇಳುವುದನ್ನು ಬಿಟ್ಟೆ. ಇಲ್ಲಿ ಹೊಸ ಸೊಸೆಯ ಮೊದಲ ಮಾತು ಕೇಳುವುದೆಂದರೆ ದೊಡ್ಡ ಸಂಭ್ರಮ, ಕೇರಿಯ ಹೆಂಗಸರೆಲ್ಲ ಪಂಕ್ತಿಯ ಹಿಂದೆ ಬಂದು ನಿಲ್ಲುತ್ತಾರೆ. ನನ್ನ ಬಾಯಿಂದ ಹೊರಟ ಮೊದಲ ಮಾತು "ಉಪ್ಪು ಸಾಲದು" ಅಂತ. ನಮ್ಮತ್ತೆ ಸಾಯುವ ತನಕ ಅದನ್ನು ಮರೆಯಲಿಲ್ಲ.

ವಾದ್ಯಗಳಿಗೂ ಅದೇ ನಿಯಮ. ಮೃದಂಗದ ಎಡಕ್ಕೆ ನಮ್ಮೂರಿನ ರವೆ ಕಲಸಿ ಮೆತ್ತಿದರೆ ಅದರ ಊಟ ಆಯಿತು. ವೀಣೆಯ ತಂತಿಗೆ ನಮ್ಮ ಗಾಣದ ಎಣ್ಣೆ ಸವರಿದರೆ ಸಾಕು. ಪಿಟೀಲಿಗೆ ನಮ್ಮ ಗುಡ್ಡದ ಮರದ ರಾಳ ಬೇಕು. ಹಾರ್ಮೋನಿಯಂ ಪಾಪದ್ದು, ಗಾಳಿ ಕುಡಿದೇ ಹಾಡುತ್ತದೆ. ಆದರೆ ಸಿನಿಮಾ ರೀಲಿಗೆ ಬಾಯಿ ಎಲ್ಲಿದೆ ತುತ್ತು ಇಡಲು? ಹಾಗಾಗಿ ನಮ್ಮ ಟಾಕೀಸಿಗೆ ಬರುವ ಎಲ್ಲ ಸಿನಿಮಾವೂ ಮೂಕಿಯೇ. ಸದ್ದು ನಮ್ಮದು. ಪರದೆಯ ಕೆಳಗಿನ ಕಟ್ಟೆಯ ಮೇಲೆ ನಾವು ಸಾಲಾಗಿ ಕೂರುತ್ತೇವೆ. ಎಲ್ಲ ನಾಯಕಿಯರೂ, ಅವರ ತಾಯಂದಿರೂ, ಅಳುವ ಕೂಸುಗಳೂ ನನ್ನ ಗಂಟಲಿನವು. ನಮ್ಮೆಜಮಾನರು ವೀರಭದ್ರಯ್ಯನವರು ಮನೆಯಲ್ಲಿ ಇನ್ನೊಂದು ಲೋಟ ಕಾಫಿ ಕೇಳಲು ಹೆದರುವ ಪ್ರಾಣಿ. ಪರದೆಯ ಮೇಲೆ ಖಳನಾಯಕ ಬಂದನೋ, ಮುಂದಿನ ಸಾಲಿನ ಮಕ್ಕಳು ಚಡ್ಡಿ ಒದ್ದೆ ಮಾಡಿಕೊಳ್ಳಬೇಕು, ಹಾಗೆ ಅಬ್ಬರಿಸುತ್ತಾರೆ. ಇನ್ನು ಸಂಗೀತ ಅಂದರೆ ಭ್ರಮರಾಂಬಕ್ಕನ ವೀಣೆ.

ಭ್ರಮರಾಂಬಕ್ಕ ನನ್ನ ವಾರಗಿತ್ತಿ, ನಮ್ಮವರ ಅಣ್ಣನ ಹೆಂಡತಿ. ಟಾಕೀಸು ಕಟ್ಟಿಸಿದವರು ಭಾವನವರು, ಅದಕ್ಕೆ ಜೀವ ಕೊಟ್ಟವಳು ಅಕ್ಕ. ಹೊರಗಿನ ಊರುಗಳಲ್ಲಿ ಆ ಸಿನಿಮಾಕ್ಕೆ ಯಾವ ಹಾಡಿತ್ತು ಅಂತ ಅವಳು ಯಾವತ್ತೂ ವಿಚಾರಿಸಿದವಳಲ್ಲ. ಪರದೆಯ ಮೇಲಿನ ಮುಖ ನೋಡುತ್ತಾಳೆ, ರಾಗ ಹಿಡಿಯುತ್ತಾಳೆ. ಬಂದೂಕು ಹಿಡಿದು ಓಡುವವನಿಗೆ ಅಠಾಣ, ಮೋಸ ಹೋದವಳಿಗೆ ಮುಖಾರಿ. ಅವಳು ಒಂದು ಸಲ ತಂತಿ ಎಳೆದರೆ ನನ್ನ ಅಳು ನಾಟಕದ ಅಳು ಆಗುತ್ತಿರಲಿಲ್ಲ, ನಿಜವಾಗಿಯೇ ಕಣ್ಣೀರು ಬಂದು ಮಾತು ತಪ್ಪುತ್ತಿತ್ತು. "ನೀನು ಅಳಬೇಡ ಕಣೇ ಸುಗುಣಾ, ಅಳೋ ಹಾಗೆ ಮಾಡು ಸಾಕು" ಅಂತ ಮಧ್ಯೆಯೇ ಗದರುತ್ತಿದ್ದಳು. ಬಾಯಿ ಅಂದರೆ ಬೊಂಬಾಯಿ ಅವಳದು, ಮನಸ್ಸು ಮಾತ್ರ ಬೆಣ್ಣೆ. ಬೆಣ್ಣೆ ಇದೆ ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಒಲೆಯ ಹತ್ತಿರ ಇಡಬೇಕಾಗುತ್ತಿತ್ತು.

ಅಕ್ಕನ ಮಗ ಗುರುಪಾದ ಟಾಕೀಸಿನಲ್ಲಿ ಮೆಷಿನ್ ಓಡಿಸುತ್ತಾನೆ. ಅದರ ಗಾಜು ಒಡೆದುಹೋಗಿ ಹೊಸದು ತರಲು ಪಟ್ಟಣಕ್ಕೆ ಹೋದವನು ಗಾಜಿನ ಜೊತೆಗೆ ಒಂದು ಹುಡುಗಿಯನ್ನೂ ಮೆಚ್ಚಿಕೊಂಡು ಬಂದ. ಯಾಮಿನಿ ಅಂತ ಹೆಸರು. ಮದುವೆಯಾಗಿ ನಮ್ಮ ಮನೆ ತುಂಬಿದ ದಿನ ಕೇರಿಯ ಹೆಂಗಸರೆಲ್ಲ ಬಂದು ನಿಂತರು. ಹುಡುಗಿ ತಲೆ ಬಗ್ಗಿಸಿ ಹೋಳಿಗೆ ಮುರಿದಳು, ಕೋಸಂಬರಿ ತಿಂದಳು, ಸಾರು ಅನ್ನದ ಒಂದು ತುತ್ತು ಬಾಯಿಗಿಟ್ಟುಕೊಂಡಳು. ಮಾತು ಬರಲಿಲ್ಲ. ಸಾರು ರುಚಿಯಾಗಿತ್ತು ಅಂತ ಕಾಣುತ್ತದೆ, ತನ್ನಷ್ಟಕ್ಕೇ ಏನೋ ಗುನುಗಿಕೊಂಡಳು. ಅಕ್ಕ ತುಪ್ಪದ ಗಿಂಡಿ ಹಿಡಿದವಳು ಹಾಗೇ ನಿಂತಳು.

"ಸಹಾನ!" ಅಂದಳು. "ಸಹಾನ ರಾಗ ಗುನುಗ್ತಾಳಲ್ಲೇ ಹುಡುಗಿ!"

ಅವತ್ತು ಅಕ್ಕ ಯಾಮಿನಿಯ ಎಲೆಗೆ ಸುರಿದ ತುಪ್ಪ ಹರಿದು ಪಕ್ಕದವರ ಎಲೆ ಸೇರಿತು. ನಾನಂತೂ ನಮ್ಮತ್ತೆಯನ್ನು ನೆನೆಸಿಕೊಂಡು ಹೊಟ್ಟೆ ಉರಿದುಕೊಂಡೆ. ಆದರೆ ಆ ಸಂತೋಷ ಸಂಜೆಯ ತನಕವೂ ಉಳಿಯಲಿಲ್ಲ. ಬಸ್ಸಿನ ಟಾಪಿನಿಂದ ಇಳಿಸಿದ ಉದ್ದನೆಯ ಪೆಟ್ಟಿಗೆಯನ್ನು ಗುರುಪಾದ ನಡುಮನೆಗೆ ತಂದು ಬಿಚ್ಚಿದ. ಒಳಗೆ ಹಾರ್ಮೋನಿಯಂ ಥರದ ಬಿಳಿ ಕರಿ ಕೀಗಳು, ಮೇಲೆ ಸಾಲು ಸಾಲು ತಿರುಗುಗುಂಡಿಗಳು, ಹಿಂದೆ ಒಂದು ವೈರಿನ ಬಾಲ. ಪ್ರಯಾಣದಲ್ಲಿ ಏಟು ತಿಂದು ಅದರ ಎಡತುದಿಯ ಒಂದು ಪುಟ್ಟ ಚಕ್ರ ಮುರಿದಿತ್ತು.

"ಇದೇನಮ್ಮಾ?" ಅಂದಳು ಅಕ್ಕ.

"ಸಿಂಥಸೈಸರ್ ಅತ್ತೆ. ನಾನು ಸಿನಿಮಾಗಳಿಗೆ ನುಡಿಸ್ತಿದ್ದೆ."

ಆಗ ಹೊರಬಿತ್ತು ವಿಷಯ. 'ಗಗನಪುರಿ' ಅಂತ ಒಂದು ಸಿನಿಮಾ, ಆಕಾಶದಲ್ಲಿ ತೇಲುವ ಪಟ್ಟಣದ ಕಥೆ. ಅದರ ಸಂಗೀತದವರು ಹೊಸ ಹಾಡು ಕಟ್ಟಲಿಲ್ಲವಂತೆ. ಹಳೇ ಕಾಲದ ಕೀರ್ತನೆಗಳನ್ನೇ ತೆಗೆದುಕೊಂಡು ಪೂರ್ತಿ ಸಿಂಥಸೈಸರಿನಲ್ಲಿ ಹೊಸದಾಗಿ ಕಟ್ಟಿದರಂತೆ. ಹೊರಗೆಲ್ಲ ಜನ ಸಿನಿಮಾ ಮುಗಿದ ಮೇಲೂ ಎದ್ದು ಹೋಗದೆ ಕೂತು ಕೇಳುತ್ತಾರಂತೆ. ಅದರಲ್ಲಿ ಒಂದು ಸಹಾನ ರಾಗದ ಕೀರ್ತನೆ ಯಾಮಿನಿಗೆ ಅವಳ ಅಜ್ಜಿ ಹೇಳಿಕೊಟ್ಟದ್ದು, ಸಿನಿಮಾದಲ್ಲಿ ಅದನ್ನು ಪೂರ್ತಿ ನುಡಿಸಿದ್ದು ಅವಳೇ. ಆ ಸಿನಿಮಾ ಹಬ್ಬಕ್ಕೆ ನಮ್ಮ ಟಾಕೀಸಿಗೆ ಬರುವುದಿತ್ತು.

"ಅಂದ್ರೆ ಕೀರ್ತನೆಗೆ ಕರೆಂಟ್ ಶಾಕ್ ಕೊಟ್ಟಿದಾರೆ ಅನ್ನು" ಅಂದಳು ಅಕ್ಕ.

ಹುಡುಗಿಯ ಮುಖ ಸಣ್ಣಗಾಯಿತು. ಆದರೂ ಹೆದರಲಿಲ್ಲ. "ಅತ್ತೆ, ಒಂದ್ಸಲ ಕೇಳಿ. ಕೇಳಿದ್ಮೇಲೆ ಎಷ್ಟು ಬೇಕಾದ್ರೂ ಬೈರಿ. ಕೇಳ್ದೇನೆ ಬೈಬೇಡಿ."

"ಕೇಳ್ಸಮ್ಮ ಮತ್ತೆ. ನಾನೇನು ಕಿವಿಗೆ ಹತ್ತಿ ಇಟ್ಕೊಂಡು ಕೂತಿದೀನಾ?"

ಯಾಮಿನಿ ವೈರನ್ನು ಗೋಡೆಗೆ ಸಿಕ್ಕಿಸಿ ಕೀ ಒತ್ತಿದಳು. ಪೆಟ್ಟಿಗೆಯ ಮೇಲೆ ಒಂದು ಕೆಂಪು ದೀಪ ಹತ್ತಿತು, ಸದ್ದು ಬರಲಿಲ್ಲ. ಬರುವುದಾದರೂ ಹೇಗೆ? ಅದಿನ್ನೂ ಊಟ ಮಾಡಿರಲಿಲ್ಲ.

ಸರಿ, ಅದಕ್ಕೆ ಊಟ ಹಾಕುವ ಕೆಲಸಕ್ಕೆ ಕೇರಿಗೆ ಕೇರಿಯೇ ಟೊಂಕ ಕಟ್ಟಿ ನಿಂತಿತು. ಮೊದಲ ದಿನ ಬಾಳೆಎಲೆ ಹಾಕಿ ಹಬ್ಬದಡಿಗೆ ಬಡಿಸಿ ಅದರ ಮುಂದಿಟ್ಟೆವು; ಬೆಕ್ಕು ತಿಂದುಕೊಂಡು ಹೋಯಿತು. ವೀಣೆಗೆ ಆಗುವುದು ಇದಕ್ಕೂ ಆಗಬಹುದು ಅಂತ ನಾನು ಕೀಗಳಿಗೆಲ್ಲ ಗಾಣದ ಎಣ್ಣೆ ಸವರಿದೆ. ಮಾರನೆಯ ದಿನ ಇರುವೆಗಳ ದಿಬ್ಬಣ ನಡುಮನೆಯಿಂದ ಹಿತ್ತಲ ತನಕ ಹೊರಟಿತ್ತು. ಮೃದಂಗದ ಪುಟ್ಟಹೊನ್ನಯ್ಯ ಬಂದು, "ತಾಯೀ, ನಾ ಹೇಳ್ತೀನಿ ಕೇಳಿ, ರವೆ ಇಲ್ದೆ ಯಾವ ವಾದ್ಯವೂ ಬಾಯಿ ಬಿಡಾಕಿಲ್ಲ" ಅಂತ ಕೀಗಳ ಸಂದಿಗೆ ರವೆ ಮೆತ್ತಿದ. ಅದು ಒಣಗಿ ಕಲ್ಲಾಗಿ, ಯಾಮಿನಿ ಹೇರ್‌ಪಿನ್ ಹಿಡಿದು ಮಧ್ಯಾಹ್ನವೆಲ್ಲ ಕೆರೆಯುತ್ತ ಕೂತಳು. ನಮ್ಮೆಜಮಾನರು ಮುದ್ದೆಯೇ ಸರಿ, ಗಟ್ಟಿ ಊಟ ಅಂದರು. ಅವರಿಗೆ ನಾನೇ ಗಟ್ಟಿಯಾಗಿ ಎರಡು ಮಾತು ಹೇಳಿ ಕೂರಿಸಿದೆ. ಇಷ್ಟಾದರೂ ಆ ಹುಡುಗಿ ನಗುನಗುತ್ತಲೇ ಇದ್ದಳು. ಸದ್ದಿಲ್ಲದ ಕೀಗಳ ಮೇಲೆ ಅವಳ ಬೆರಳು ಓಡುವುದನ್ನು ನೋಡಿದರೆ ಎಲ್ಲೋ ಗಾಜಿನ ಆಚೆ ಕಛೇರಿ ನಡೆಯುತ್ತಿದೆ ಅನ್ನಿಸುತ್ತಿತ್ತು.

ಇದನ್ನೆಲ್ಲ ಅಕ್ಕ ನೋಡುತ್ತಿದ್ದಳು, ನೋಡದವಳ ಹಾಗೆ. ಮೂಲೆಯಲ್ಲಿ ಕೂತು ಹೂ ಕಟ್ಟುತ್ತ, "ಕರೆಂಟು ಪೆಟ್ಟಿಗೆಗೆ ಸೀಮಂತ ಒಂದು ಮಾಡೋದು ಬಾಕಿ" ಅಂತ ಚುಚ್ಚುತ್ತಿದ್ದಳು. ಆದರೆ ನಾನು ಆ ಹೂವಿನ ದಂಡೆಯನ್ನೇ ನೋಡುತ್ತಿದ್ದೆ. ಗಂಟುಗಳು ಸಡಿಲವಾಗಿದ್ದವು, ಹೂ ಜಾರಿ ಬೀಳುತ್ತಿದ್ದವು. ಎಷ್ಟೋ ದಿನದಿಂದ ನನಗೊಂದು ಅನುಮಾನ ಇತ್ತು. ಟಾಕೀಸಿನಲ್ಲಿ ಅಕ್ಕ ಈಚೆಗೆ ತೋಡಿ ಮುಟ್ಟುತ್ತಿರಲಿಲ್ಲ, ಸಹಾನ ಮುಟ್ಟುತ್ತಿರಲಿಲ್ಲ. ತಂತಿ ಎಳೆಯಬೇಕಾದ ರಾಗಗಳನ್ನೆಲ್ಲ ಬಿಟ್ಟು, ಮೀಟಿದರೆ ಸಾಕು ಅನ್ನುವ ರಾಗಗಳಲ್ಲೇ ಸಿನಿಮಾ ಮುಗಿಸುತ್ತಿದ್ದಳು. ತಾಯಿ ಸತ್ತ ನಾಯಕಿಗೂ ಮೋಹನ ನುಡಿಸಿದಾಗ ನಾನು ಅಳುವುದೋ ಕುಣಿಯುವುದೋ ತಿಳಿಯದೆ ಒದ್ದಾಡಿದ್ದೆ.

ಒಂದು ದಿನ ಹಿತ್ತಲಲ್ಲಿ ಪಾತ್ರೆ ತೊಳೆಯುವಾಗ ಹಿಡಿದು ಕೇಳಿಯೇಬಿಟ್ಟೆ. "ಅಕ್ಕಾ, ಬೆರಳಿಗೆ ಏನಾಗಿದೆ?"

ಅವಳು ಮೊದಲು ರೇಗಿದಳು. ಆಮೇಲೆ ಎಡಗೈ ನನ್ನ ಮುಂದೆ ಚಾಚಿ ಮಡಚಲು ನೋಡಿದಳು. ಬೆರಳು ಅರ್ಧಕ್ಕೇ ನಿಂತವು.

"ಎಳೆಯೋಕೆ ಬರ್ತಿಲ್ಲ ಕಣೇ" ಅಂದಳು. "ಮನಸ್ಸಲ್ಲಿ ಗಮಕ ಇದೆ, ಹಾಗೇ ಇದೆ, ಬೆರಳಿನ ತನಕ ಬಂದು ನಿಂತ್ಬಿಡುತ್ತೆ. ಆ ಹುಡುಗಿ ಬಂದ ದಿವಸ ಸಹಾನ ಗುನುಗಿದ್ಲಲ್ಲ, ಗಾಂಧಾರದಿಂದ ಹಾಗೆ ಜಾರಿ ರಿಷಭದ ಮೇಲೆ ಕೂತ್ಲು. ನನಗೆ ಹೊಟ್ಟೆ ತುಂಬ್ಹೋಯ್ತು. ಆಮೇಲೆ ಈ ಪೆಟ್ಟಿಗೆ ತೆಗೆದ್ಲು. ಗಂಟಲಲ್ಲಿ ಅಷ್ಟಿಟ್ಕೊಂಡು ಯಾಕೇ ಈ ಪೆಟ್ಟಿಗೆ ಅವಳಿಗೆ?"

"ಕೇಳದೆ ಹೇಗೆ ಗೊತ್ತಾಗತ್ತೆ ಅಕ್ಕಾ?"

"ಅದು ಬಾಯಿ ಬಿಟ್ರೆ ತಾನೆ!" ಅಂದಳು. ಇಬ್ಬರ ಕಣ್ಣೂ ಒದ್ದೆಯಾಗಿದ್ದವು, ಪಾತ್ರೆಯ ಬೂದಿ ಕಣ್ಣಿಗೆ ಹೋಯಿತು ಅಂತ ಇಬ್ಬರೂ ಸುಳ್ಳು ಹೇಳಿಕೊಂಡೆವು.

ಹಬ್ಬ ಹತ್ತಿರ ಬಂತು. ಗೋಡೆಗೋಡೆಗೆ 'ಗಗನಪುರಿ'ಯ ಪೋಸ್ಟರು ಅಂಟಿತು. ಸಿನಿಮಾ ಡಬ್ಬಿ ಹೊತ್ತುಕೊಂಡು ಬಂದವನು ಹೋಟೆಲಿನಲ್ಲಿ ಉಂಡವನೇ, "ಇದರ ಮ್ಯೂಸಿಕ್ ಕೇಳ್ಬೇಕು ಸ್ವಾಮಿ, ಮೈ ಜುಂ ಅನ್ನುತ್ತೆ" ಅಂತ ಬೀದಿಗೆಲ್ಲ ಸಾರಿಬಿಟ್ಟ. ಯಾಮಿನಿ ಅದನ್ನು ಕೇಳಿಸಿಕೊಂಡು ಒಳಗೆ ಬಂದಳು. ಹಳೇ ಸೀರೆಯೊಂದನ್ನು ತೆಗೆದು ಸಿಂಥಸೈಸರಿಗೆ ಸುತ್ತಿ ಹಗ್ಗ ಬಿಗಿಯತೊಡಗಿದಳು. ನಾಳೆಯ ಬಸ್ಸಿಗೆ ಹಾಕಿ ಪಟ್ಟಣದ ಗೆಳತಿಗೆ ಕಳಿಸಿಬಿಡುತ್ತೇನೆ, ಇಲ್ಲಿ ಮೂಕಿಯಾಗಿ ಇರುವ ಬದಲು ಅಲ್ಲಾದರೂ ಹಾಡಿಕೊಂಡಿರಲಿ ಅಂದಳು. ಗುರುಪಾದ ಬಾಗಿಲಿಗೊರಗಿ ನಿಂತಿದ್ದ. ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಗುನುಗಲಿಲ್ಲ.

"ಸಾರು ಚೆನ್ನಾಗಿಲ್ವಾ?" ಅಂದಳು ಅಕ್ಕ.

"ಚೆನ್ನಾಗಿದೆ ಅತ್ತೆ."

"ಮತ್ತೆ ಯಾಕೆ ಸುಮ್ನೆ ಉಣ್ತಿದೀಯಾ?"

ಕಟ್ಟಿಟ್ಟ ಪೆಟ್ಟಿಗೆಯ ಕಡೆ ಅಕ್ಕನ ಕಣ್ಣು ಹೋಯಿತು. ಗುರುಪಾದನಿಂದ ವಿಷಯ ತಿಳಿದದ್ದೇ ತಡ, ಬಡಿಸುವ ಸೌಟು ಠಣ್ಣಂತ ಕೆಳಗಿಟ್ಟಳು.

"ವಾಪಸ್ಸಾ? ಈ ಮನೆ ಹೊಸ್ತಿಲು ದಾಟಿ ಬಂದದ್ದು ಉಪವಾಸ ವಾಪಸ್ ಹೋಗೋದಾ? ನನ್ನ ಉಸಿರು ಇರೋ ತನಕ ಅದು ಆಗೋದಿಲ್ಲ! ಅದು ಹಾಡ್ಲಿ ಬಿಡ್ಲಿ, ಬೈಗುಳ ತಿನ್ನೋಕಾದ್ರೂ ಮೊದ್ಲು ಅನ್ನ ತಿನ್ಬೇಕು. ಹೇಳು ಯಾಮಿನಿ, ನಿಮ್ಮೂರಲ್ಲಿ ಅದಕ್ಕೆ ಏನು ಹಾಕ್ತಿದ್ದೆ?"

"ಏನೂ ಇಲ್ಲ ಅತ್ತೆ. ಬರೀ ಕರೆಂಟು."

"ಇಲ್ಲಿ?"

"ಇಲ್ಲೂ ಅದೇ, ಕರೆಂಟು."

"ಈ ಕರೆಂಟು ಎಲ್ಲಿಂದ ಬರುತ್ತೋ ಗುರುಪಾದ?"

"ಹೊಳೆ ಆಚೆಯಿಂದಮ್ಮ. ಕಂಬದ ಮೇಲೆ ಬರುತ್ತಲ್ಲ."

ಅಕ್ಕ ಸೊಂಟದ ಮೇಲೆ ಕೈ ಇಟ್ಟುಕೊಂಡು ನಮ್ಮೆಲ್ಲರನ್ನೂ ಒಮ್ಮೆ ನೋಡಿದಳು. "ಅಯ್ಯೋ ನಿಮ್ಮ ಬುದ್ಧಿಗಿಷ್ಟು! ಊರಿಂದ ಬುತ್ತಿ ಕಟ್ಕೊಂಡು ಬಂದು, ನಮ್ಮ ಜಗುಲಿ ಮೇಲೆ ಕೂತು ಅದನ್ನೇ ತಿಂತಾ ಇದೆ. ನಮ್ಮನೇಲಿ ಉಂಡ ಹಾಗೆ ಹೇಗಾಗುತ್ತೆ? ನಮ್ಮೂರ ಅನ್ನ ತಿಂದಿರೋ ಕರೆಂಟು ಹಾಕ್ರೋ ಅದಕ್ಕೆ!"

ನಮ್ಮೂರ ಅನ್ನ ತಿಂದ ಕರೆಂಟು! ನಾನು ನಗಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ, ಯಾಕೆಂದರೆ ಗುರುಪಾದ ಆಗಲೇ ಚಪ್ಪಲಿ ಮೆಟ್ಟದೆ ಬೀದಿಗೆ ಓಡಿದ್ದ. ಸೈಕಲ್ ಅಂಗಡಿಯ ದಸ್ತಗೀರ್ ಸಾಹೇಬರು ಮದುವೆಯ ಮೆರವಣಿಗೆಗಳಿಗೆ ದೀಪ ಉರಿಸಲು ಒಂದು ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಡೈನಮೊ ಕಟ್ಟಿದ್ದರು. ತುಳಿದರೆ ದೀಪ, ನಿಲ್ಲಿಸಿದರೆ ಕತ್ತಲೆ. ಅದನ್ನು ಹೊತ್ತು ತಂದು ಅಂಗಳದಲ್ಲಿ ಇಳಿಸಿದರು. ಯಾಮಿನಿ ಹಗ್ಗ ಬಿಚ್ಚಿ ಸಿಂಥಸೈಸರಿನ ವೈರನ್ನು ಡೈನಮೊಗೆ ಸಿಕ್ಕಿಸಿದಳು. ಸಾಹೇಬರದು ಊಟ ಆಗಿತ್ತು. ಆದರೂ ಅಕ್ಕ ಬಿಡದೆ ಇನ್ನೊಂದು ತಟ್ಟೆ ಮೊಸರನ್ನ ತಿನ್ನಿಸಿದಳು. ಅವರು ಬಿಸ್ಮಿಲ್ಲಾ ಅಂತ ಸೈಕಲ್ ಹತ್ತಿ ತುಳಿದರು, ಯಾಮಿನಿ ಕೀ ಒತ್ತಿದಳು.

ಗುಂಯ್ ಅಂತ ಒಂದು ಸ್ವರ ಹೊರಟಿತು ನೋಡಿ! ಅದು ವೀಣೆಯ ದನಿಯಲ್ಲ, ನಾಗಸ್ವರದ್ದೂ ಅಲ್ಲ. ಅಂಥದನ್ನು ನಾನು ಅವತ್ತಿನ ತನಕ ಕೇಳಿರಲಿಲ್ಲ. ದುಂಡಗೆ, ದಪ್ಪಗೆ, ಎದೆಯೊಳಗೇ ಹುಟ್ಟಿದ ಹಾಗಿತ್ತು. ಬೆಕ್ಕು ಅಟ್ಟ ಹತ್ತಿತು. ಕೇರಿಯ ಮಕ್ಕಳೆಲ್ಲ ಕಿರುಚಿದವು. ಯಾಮಿನಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅತ್ತೇಬಿಟ್ಟಳು, ಕೀ ಬಿಟ್ಟಿದ್ದರಿಂದ ಸ್ವರವೂ ನಿಂತಿತು. "ಅಳ್ಬೇಡ, ಒತ್ತು ಒತ್ತು" ಅಂತ ನಾವೆಲ್ಲ ಕೂಗಿದೆವು. ಒಬ್ಬರೇ ತುಳಿದರೆ ಒಂದು ಸ್ವರಕ್ಕಷ್ಟೇ ಶಕ್ತಿ ಸಾಲುತ್ತಿತ್ತು. ಒಂದಾದ ಮೇಲೆ ಒಂದರಂತೆ ಅವಳು ತನ್ನ ಕೀರ್ತನೆ ಶುರು ಮಾಡಿದಳು.

ಅಕ್ಕ ಕಣ್ಣು ಮುಚ್ಚಿ ಕೇಳಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಹುಬ್ಬು ಗಂಟಿಕ್ಕಿತು.

"ದನಿ ಏನೋ ಚೆನ್ನಾಗಿದೆ" ಅಂದಳು. "ಆದ್ರೆ ಇದು ಸಹಾನ ಅಲ್ಲಮ್ಮ. ಒಂದೊಂದು ಸ್ವರವೂ ಗೂಟ ಹೊಡೆದ ಹಾಗೆ ನಿಂತಿದೆ. ಜಾರೋದೇ ಇಲ್ಲ."

"ಜಾರಿಸೋಕೆ ಅಂತಲೇ ಆ ಚಕ್ರ ಇತ್ತು ಅತ್ತೆ, ಬಸ್ಸಿನಲ್ಲಿ ಮುರೀತಲ್ಲ ಅದು" ಅಂದಳು ಯಾಮಿನಿ. ಅವಳ ದನಿ ಮತ್ತೆ ಇಳಿಯಿತು. ಇಷ್ಟು ಆದಮೇಲೂ ಬಾಯಿ ಬಿಟ್ಟದ್ದು ತೊದಲಿಗೇ ನಿಂತಿತಲ್ಲ ಅಂತ ನನಗೂ ಸಂಕಟವಾಯಿತು. ಅವಳು ಗಾಂಧಾರದ ಮೇಲೆ ಬೆರಳಿಟ್ಟು ಹಾಗೇ ಕೂತಿದ್ದಳು, ಕೀ ಒತ್ತಿಯೇ ಇತ್ತು. ಸಾಹೇಬರಿಗೆ ಎರಡು ಊಟದ ಭಾರ. ಏದುಸಿರು ಬಿಡುತ್ತ ತುಳಿಯುವುದನ್ನು ನಿಧಾನ ಮಾಡಿದರು. ಸ್ವರ ಮೆಲ್ಲಗೆ ತೂಗಿ, ಬಾಗಿ, ಜಾರಿ, ರಿಷಭದ ಮೇಲೆ ಹೋಗಿ ಕೂತಿತು.

ಅಕ್ಕ ಚಾಪೆಯಿಂದ ದಡಕ್ಕನೆ ಎದ್ದಳು. "ಸಾಹೇಬ್ರೇ! ಈಗೇನು ಮಾಡಿದ್ರಿ?"

"ಸುಸ್ತಾಯ್ತಮ್ಮಾ. ತಪ್ಪಾಯ್ತು, ಮಾಫಿ ಮಾಡಿ."

"ತಪ್ಪೇ? ಇನ್ನೊಂದ್ಸಲ ಸುಸ್ತಾಗಿ!"

ಆಮೇಲಿನ ದಿನಗಳಲ್ಲಿ ನಮ್ಮ ಅಂಗಳ ಪಾಠಶಾಲೆಯಾಯಿತು. ಸಾಹೇಬರ ಅಂಗಡಿಯ ಸೈಕಲ್ಲುಗಳೆಲ್ಲ ಬಂದು ಸಾಲಾಗಿ ಸ್ಟ್ಯಾಂಡು ಹತ್ತಿದವು, ಒಂದೊಂದಕ್ಕೂ ಡೈನಮೊ. ಬಂದವರಿಗೆಲ್ಲ ಅಕ್ಕ ಮೊದಲು ಊಟ ಹಾಕಿ ಆಮೇಲೆ ಪಾಠ ಹೇಳಿದಳು. ಪೆಡಲ್ ಒಂದೇ ಸಮನೆ ತುಳಿದರೆ ನಿಂತ ಸ್ವರ, ಬಿಟ್ಟು ಹಿಡಿದರೆ ತೂಗು, ಮೆಲ್ಲಗೆ ಬಿಟ್ಟರೆ ಜಾರು. ಅವಳು ಎದುರು ನಿಂತು ಎಡಗೈ ಎತ್ತಿದರೆ ಒತ್ತಬೇಕು, ಇಳಿಸಿದರೆ ಬಿಡಬೇಕು. "ಪುಟ್ಟಹೊನ್ನಯ್ಯ, ನೀನು ತಾಳ ಹಾಕ್ಬೇಡ, ರಾಗ ತುಳಿ! ವೀರಭದ್ರಯ್ಯನೋರೇ, ಮಧ್ಯಮದಲ್ಲಿ ನಿದ್ದೆ ಮಾಡ್ಬೇಡಿ!" ಅಂತ ಬೀದಿಗೆಲ್ಲ ಕೇಳಿಸುತ್ತಿತ್ತು. ನಮ್ಮೆಜಮಾನರ ಹೊಟ್ಟೆ ಕರಗಿದ್ದು ನನಗೆ ಸಿಕ್ಕ ಲಾಭ. ಯಾಮಿನಿ ಗುಂಡಿ ತಿರುಗಿಸಿ ಬಗೆಬಗೆಯ ದನಿ ತೆಗೆದು ತೋರಿಸುವಳು. ಅಕ್ಕ, "ಇದು ಬೇಡ, ಸೊಳ್ಳೆ ಹಾಗಿದೆ. ಹಾಂ, ಇದು! ಇದನ್ನು ಇಟ್ಕೋ, ಜೇನು ಸೋರಿದ ಹಾಗಿದೆ" ಅನ್ನುವಳು. ಅತ್ತೆ ಸೊಸೆ ವಾದ ಮಾಡುತ್ತ ಕೂತರೆ ಒಲೆಯ ಮೇಲಿನ ಹಾಲು ಉಕ್ಕಿದರೂ ಗೊತ್ತಾಗುತ್ತಿರಲಿಲ್ಲ. ಊಟದ ಹೊತ್ತಿಗೆ ಹುಡುಗಿ ಮತ್ತೆ ಗುನುಗತೊಡಗಿದಳು.

ಹಬ್ಬದ ಮಧ್ಯಾಹ್ನ ಟಾಕೀಸಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಕಟ್ಟೆಯ ಕೆಳಗೆ ಸೈಕಲ್ಲುಗಳ ಸಾಲು, ಮೇಲೆ ಯಾಮಿನಿ, ಪಕ್ಕದಲ್ಲಿ ನಾವು. ಅಕ್ಕ ಪರದೆಗೆ ಬೆನ್ನು ಮಾಡಿ ಸೈಕಲ್ಲುಗಳ ಎದುರು ನಿಂತಳು. ಗುರುಪಾದ ಮೇಲಿನಿಂದ ಬೆಳಕು ಬಿಟ್ಟ. ಆಕಾಶದಲ್ಲಿ ಒಂದು ಪಟ್ಟಣ ತೇಲಿ ಬಂತು, ಗೋಪುರಗಳು, ಹಾರುವ ಬಂಡಿಗಳು. ಅಕ್ಕ ಕೈ ಎತ್ತಿದಳು. ಅಷ್ಟು ಜನ ಒಟ್ಟಿಗೆ ತುಳಿದಾಗ ಆ ಪುಟ್ಟ ಪೆಟ್ಟಿಗೆಯಿಂದ ಹೊರಟ ನಾದಕ್ಕೆ ಕುರ್ಚಿಗಳು ಅದುರಿದವು. ಕೀರ್ತನೆ ಹಳೆಯದೇ, ನಮ್ಮಜ್ಜಿಯಂದಿರು ಅಕ್ಕಿ ಆರಿಸುತ್ತ ಹಾಡುತ್ತಿದ್ದದ್ದೇ. ಆದರೆ ಅದು ಸೀರೆ ಬದಲಿಸಿ, ಓಲೆ ಝುಮುಕಿ ಹಾಕಿಕೊಂಡು ಆಕಾಶಕ್ಕೆ ಹೊರಟಿತ್ತು. ಜನ ಶಿಳ್ಳೆ ಹಾಕಿದರು. ನಾನಂತೂ ನನ್ನ ಮಾತು ಹೇಳುವುದನ್ನೇ ಎರಡು ಮೂರು ಕಡೆ ಮರೆತೆ. ನಾಯಕಿ ಸುಮ್ಮನೆ ತುಟಿ ಆಡಿಸಿಕೊಂಡು ಹೋದಳು, ಯಾರೂ ಕೇಳಲಿಲ್ಲ.

ಕೊನೆಗೆ ಸಹಾನ ಬಂತು. ನಾಯಕಿ ಆ ಪಟ್ಟಣದ ಅಂಚಿನಲ್ಲಿ ಕೂತು ಕೆಳಗೆ, ಬಲು ಕೆಳಗೆ, ತಾನು ಹುಟ್ಟಿದ ಊರಿನ ದೀಪಗಳನ್ನು ನೋಡುವ ದೃಶ್ಯ. ಯಾಮಿನಿ ಗಾಂಧಾರ ಹಿಡಿದಳು. ಅಕ್ಕ ಮಡಚಲಾಗದ ಆ ಬೆರಳುಗಳನ್ನು ಗಾಳಿಯಲ್ಲಿ ಮೆಲ್ಲಗೆ ಇಳಿಸಿದಳು, ಸಾಲಿಗೆ ಸಾಲೇ ಪೆಡಲ್ ಸಡಿಲ ಬಿಟ್ಟಿತು, ಸ್ವರ ಜಾರಿ ಬಂದು ರಿಷಭದ ಮೇಲೆ ಕೂತಿತು. ನನಗೆ ಕಣ್ಣೀರು ಧಾರಾಕಾರ. ಅವತ್ತು ಅಕ್ಕ ಅಳಬೇಡ ಅಂತ ಗದರಲಿಲ್ಲ, ಅವಳಿಗೂ ಬಿಡುವಿರಲಿಲ್ಲ.

ಸಿನಿಮಾ ಮುಗಿಯಿತು, ಜನ ಏಳಲಿಲ್ಲ. "ಇನ್ನೊಂದ್ಸಲ! ಆ ಸಹಾನ ಇನ್ನೊಂದ್ಸಲ!" ಅಂತ ಕುರ್ಚಿ ಕುಟ್ಟತೊಡಗಿದರು. ತುಳಿದವರೆಲ್ಲ ಸೈಕಲ್ಲುಗಳ ಮೇಲೆ ಒದ್ದೆ ಬಟ್ಟೆಯ ಹಾಗೆ ನೇತು ಬಿದ್ದಿದ್ದರು. ಸಾಹೇಬರು ಕೈಮುಗಿದು, "ಅ‌ಮ್ಮಾ, ಇನ್ನು ಸುಸ್ತಾಗೋಕೂ ಶಕ್ತಿ ಇಲ್ಲ" ಅಂದರು.

"ಹೋಗಿ, ಅವರಿಗೆಲ್ಲ ಊಟ ಹಾಕಿ" ಅಂದಳು ಅಕ್ಕ. ಆಮೇಲೆ ಖಾಲಿಯಾದ ಒಂದು ಸೈಕಲ್ಲನ್ನೇ ನೋಡುತ್ತ ನಿಂತಳು. ನೋಡನೋಡುತ್ತ ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿದಳು.

"ಅತ್ತಿಗೆ, ಏನು ಮಾಡ್ತಿದೀರಿ?" ಅಂತ ನಮ್ಮೆಜಮಾನರು ಗಾಬರಿಯಾದರು.

ಅಕ್ಕ ಸಾಹೇಬರ ಭುಜ ಹಿಡಿದುಕೊಂಡು ಸೈಕಲ್ ಹತ್ತಿ ಕೂತಳು, ನೆರಿಗೆ ಎತ್ತಿಕೊಂಡು ಪೆಡಲ್ ಮೇಲೆ ಪಾದ ಇಟ್ಟಳು.

"ಯಾಮಿನಿ, ಗಾಂಧಾರ ಒಂದನ್ನೇ ಒತ್ತಿ ಹಿಡಿ ಮಗಳೇ. ಮಿಕ್ಕದ್ದು ನನ್ನದು."

ಹುಡುಗಿ ಒತ್ತಿ ಹಿಡಿದಳು. ಅಕ್ಕ ತುಳಿದಳು. ಮೊದಲು ಸ್ವರ ನಡುಗಿತು, ಆಮೇಲೆ ನಿಂತಿತು. ಅವಳು ಕಣ್ಣು ಮುಚ್ಚಿಕೊಂಡು ಹಿಮ್ಮಡಿಯನ್ನು ಒಂದಿಷ್ಟೇ ಸಡಿಲಿಸಿದಳು. ಆಹಾ, ಬಂತು ನೋಡಿ! ಎಷ್ಟೋ ದಿನದಿಂದ ನಾನು ಕೇಳದೆ ಹಸಿದಿದ್ದ ಆ ಎಳೆತ, ಭ್ರಮರಾಂಬಕ್ಕನದೇ ಎಳೆತ, ಲೋಕದಲ್ಲಿ ಇನ್ನೊಬ್ಬರಿಗೆ ಬಾರದ್ದು. ಗಾಂಧಾರದಿಂದ ತೂಗುತ್ತ ಇಳಿದು, ರಿಷಭದ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ಒಳಗೆ ಬಂದು ಕೂತಿತು. ಒಂದೇ ಸ್ವರದ ಕೀಯಲ್ಲಿ ಅವಳು ಸಹಾನವನ್ನೆಲ್ಲ ಎಳೆದು ತಂದಳು. ಜನ ಎದ್ದು ನಿಂತರು. ಯಾಮಿನಿ ಕೀ ಒತ್ತಿಕೊಂಡೇ ಅಳುತ್ತಿದ್ದಳು, ನಗುತ್ತಿದ್ದಳು, ಬೆರಳು ಮಾತ್ರ ಎತ್ತಲಿಲ್ಲ.

"ಕಾಲು ಕೇಳ್ತಿದೆ ಕಣೇ ಸುಗುಣಾ!" ಅಂತ ಅಕ್ಕ ಅಷ್ಟು ಜನರ ಮುಂದೆ ಕೂಗಿದಳು. "ನಾ ಹೇಳಿದ್ದು ಕಾಲು ಕೇಳ್ತಿದೆ!"

ಅವತ್ತು ಅವಳನ್ನು ಸೈಕಲ್ಲಿನಿಂದ ಇಳಿಸಿ ಊಟಕ್ಕೆ ಎಬ್ಬಿಸಿಕೊಂಡು ಹೋಗಬೇಕಾದರೆ ನಮಗೆ ಸಾಕುಸಾಕಾಯಿತು.